ಸ್ಕ್ರೀನ್ ಆಮೇಲೆ ನೋಡೋಣ, ಮೊದಲು ಟೈರ್ ತೋರಿಸಿ

ಐವತ್ತು ಲಕ್ಷದ ಆಸುಪಾಸಿನ ಸೆಡಾನ್ ಕೊಳ್ಳಲು ಬಂದವರು ಶೋರೂಮಿನಲ್ಲಿ ಮಾಡುವ ಮೊದಲ ಕೆಲಸ ಸೀಟನ್ನು ಕೈಯಿಂದ ಒತ್ತಿ ನೋಡುವುದು. "ಎಷ್ಟು ಮೆತ್ತಗಿದೆ ನೋಡಿ" ಅಂತಾರೆ. ಆಮೇಲೆ ಸ್ಕ್ರೀನಿನ ಮೇಲೆ ಬೆರಳಾಡಿಸುತ್ತಾರೆ. ಕೊನೆಗೆ ವೀಲ್ ಮುಂದೆ ನಿಂತು, "ಇದಕ್ಕಿಂತ ದೊಡ್ಡದು ಬರಲ್ವಾ?" ಅಂತ ಕೇಳುತ್ತಾರೆ. ಕೊಳ್ಳುವವರ ಪರವಾಗಿ ಕಾರು ಪರೀಕ್ಷಿಸಿ ಅಭಿಪ್ರಾಯ ಹೇಳುವುದು ನನ್ನ ಕಸುಬು. ಈ ಕೊನೆಯ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಸಣ್ಣಗೆ ತಲೆನೋವು ಶುರುವಾಗುತ್ತದೆ.

ಉದಾಹರಣೆಗೆ ಟೊಯೊಟಾ ಕ್ಯಾಮ್ರಿಯನ್ನೇ ತೆಗೆದುಕೊಳ್ಳಿ. ಕಾರ್ಖಾನೆ ಇಲ್ಲೇ ಬಿಡದಿಯಲ್ಲಿ ಇರುವುದರಿಂದಲೋ ಏನೋ, ಆ ಕಂಪನಿಯ ಮೇಲೆ ನಮ್ಮವರಿಗೆ ಸ್ವಲ್ಪ ಅಕ್ಕರೆ ಜಾಸ್ತಿ. 2024ರ ಡಿಸೆಂಬರ್‌ನಲ್ಲಿ ಹೊಸ ರೂಪದ ಕ್ಯಾಮ್ರಿ ಬಂತು. ಆಗಿನ ಶೋರೂಂ ಬೆಲೆ 48 ಲಕ್ಷ. 2.5 ಲೀಟರ್ ಪೆಟ್ರೋಲ್ ಎಂಜಿನ್, ಜೊತೆಗೆ ಹೈಬ್ರಿಡ್ ವ್ಯವಸ್ಥೆಯ ವಿದ್ಯುತ್ ಮೋಟಾರು. ಒಟ್ಟು ಶಕ್ತಿ 218 ಪಿಎಸ್‌ನಿಂದ 230ಕ್ಕೆ ಏರಿತು. ಸ್ಕ್ರೀನ್ ದೊಡ್ಡದಾಯಿತು, ಏರ್‌ಬ್ಯಾಗ್ ಒಂಬತ್ತಾದವು. ಹಿಂದಿನ ಸೀಟು ಗುಂಡಿ ಒತ್ತಿದರೆ ಒರಗುತ್ತದೆ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಮಾತ್ರ ಅದೇ 2,825 ಮಿಲಿಮೀಟರ್. ಅಂದರೆ ಹೊಸ ಬಟ್ಟೆ ಹೊರಗೆ, ಅಸ್ಥಿಪಂಜರ ಹೆಚ್ಚು ಕಡಿಮೆ ಹಳೆಯದೇ. ಇದನ್ನು ದೂರು ಅಂತ ಹೇಳುತ್ತಿಲ್ಲ. ಆ ಅಸ್ಥಿಪಂಜರ ಚೆನ್ನಾಗಿಯೇ ಇದೆ.

ಈಗ ನನ್ನ ತಲೆನೋವಿಗೆ ಬರೋಣ. ಟೈರಿನ ಪಕ್ಕದಲ್ಲಿ ಒಂದು ಅಳತೆ ಬರೆದಿರುತ್ತದೆ. 235/45 ಆರ್ 18 ಅನ್ನಿ. 235 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 18 ಅಂದರೆ ಒಳಗಿನ ಚಕ್ರದ ಇಂಚು. ನಡುವಿನ 45ನ್ನು ಯಾರೂ ಓದುವುದಿಲ್ಲ. ಕಾರಿನ ಸುಖ ಇರುವುದೇ ಅಲ್ಲಿ. ಟೈರಿನ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 45 ಪಾಲು ಅಂತ ಅದರ ಅರ್ಥ. ಲೆಕ್ಕ ಹಾಕಿದರೆ ಸುಮಾರು 106 ಮಿಲಿಮೀಟರ್. ಇದೇ ಕಾರಿಗೆ 19 ಇಂಚಿನ ವೀಲ್ ಹಾಕಿಸಿದಿರಿ ಅಂದುಕೊಳ್ಳಿ. ಹೊರಗಿನ ಸುತ್ತಳತೆ ಬದಲಾಗಬಾರದು, ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಹಾಗಾಗಿ ಟೈರು 235/40 ಆರ್ 19 ಆಗುತ್ತದೆ. ಗೋಡೆಯ ಎತ್ತರ 94ಕ್ಕೆ ಇಳಿಯಿತು. ಉಲ್ಟಾ ಹೋಗಿ, 17 ಇಂಚಿಗೆ 215/55 ಹಾಕಿದರೆ 118. ಮೂರೂ ಟೈರುಗಳ ಒಟ್ಟು ಎತ್ತರ 67 ಸೆಂಟಿಮೀಟರಿನ ಹತ್ತಿರವೇ. ಒಳಗಿನ ಲೋಹ ಹೆಚ್ಚಿದಷ್ಟೂ ಗಾಳಿ ತುಂಬಿದ ರಬ್ಬರು ಕಡಿಮೆ, ಅಷ್ಟೇ.

"ಒಂದು ಸೆಂಟಿಮೀಟರ್ ತಾನೇ ಸಾರ್?" ಅಂತ ಕೇಳುತ್ತಾರೆ. ಹೌದು, ಒಂದು ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಆದರೆ ಗುಂಡಿಯ ಅಂಚಿಗೆ ಗಾಲಿ ಬಡಿದಾಗ ಏನಾಗುತ್ತದೆ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಎಂಟು ಮೀಟರಿಗೂ ಜಾಸ್ತಿ. ಅಂಗೈ ಅಗಲದಷ್ಟು ಜಾಗ ದಾಟಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಆ ಪೆಟ್ಟಿಗೆ ಮೊದಲು ಮೈಯೊಡ್ಡುವುದು ಟೈರು. ಸ್ಪ್ರಿಂಗ್, ಅದರ ಕುಣಿತ ತಡೆಯುವ ಡ್ಯಾಂಪರ್‌ಗಳ ಸರದಿ ಅದರ ನಂತರ. ಟೈರು ನುಂಗದೆ ಬಿಟ್ಟದ್ದು ಲೋಹದ ಮೂಲಕ ನೇರ ನಿಮ್ಮ ಬೆನ್ನಿಗೆ. ತೆಳು ಅಟ್ಟೆಯ ಚಪ್ಪಲಿ ಹಾಕಿಕೊಂಡು ಜಲ್ಲಿಕಲ್ಲಿನ ಮೇಲೆ ನಡೆದ ಹಾಗೆ. ದೊಡ್ಡ ವೀಲ್ ಸಾಮಾನ್ಯವಾಗಿ ಭಾರವೂ ಜಾಸ್ತಿ, ಹಾಗಾಗಿ ಅದನ್ನು ಹಿಡಿದು ನಿಲ್ಲಿಸಲು ಡ್ಯಾಂಪರ್‌ಗೂ ಕಷ್ಟ.

ಡ್ಯಾಂಪರನ್ನು ಮೆತ್ತಗೆ, ಗಟ್ಟಿ ಮಾಡಿಕೊಳ್ಳುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ಸ್ಕೋಡಾ ಸೂಪರ್ಬ್‌ನಲ್ಲಿ ಡಿಸಿಸಿ ಅಂತಾರೆ. ಒಳ್ಳೆಯ ವ್ಯವಸ್ಥೆಯೇ. ಫ್ಲೈಓವರ್ ಮೇಲಿನ ಏರಿಳಿತವನ್ನು ಅದು ಚೆನ್ನಾಗಿ ಪಳಗಿಸುತ್ತದೆ. ಆದರೆ ಇಲ್ಲದ ರಬ್ಬರನ್ನು ಯಾವ ಎಲೆಕ್ಟ್ರಾನಿಕ್ಸೂ ತಂದುಕೊಡುವುದಿಲ್ಲ.

ಮಲ್ಲೇಶ್ವರದ ಒಬ್ಬರು ತಾಯಿಗಾಗಿ ದೊಡ್ಡ ಸೆಡಾನ್ ಕೊಂಡರು. ತಾಯಿಗೆ ಸೊಂಟದ ಆಪರೇಷನ್ ಆಗಿತ್ತು. ಕಾರು ಯಾವುದು ಅಂತ ಹೇಳುವುದಿಲ್ಲ. ಕೊಂಡ ಮೇಲೆ, ನನ್ನನ್ನು ಕೇಳದೆ, ಚೆಂದಕ್ಕೆ ಅಂತ ದೊಡ್ಡ ಅಲಾಯ್ ಹಾಕಿಸಿದರು. ಕೆಲವು ದಿನಕ್ಕೆ ಫೋನ್ ಬಂತು: "ಸೀಟು ಸರಿ ಇಲ್ಲ, ಅಮ್ಮ ಕೂರಲ್ಲ ಅಂತಾರೆ. ಮೇಲೆ ಹಾಕೋಕೆ ಒಳ್ಳೆ ಕುಶನ್ ಹೇಳಿ." ಹೋದೆ. ಡ್ರೈವರ್ ಕೀ ಕೊಡುತ್ತಾ ಮೆಲ್ಲಗೆ ಹೇಳಿದ, "ಸೀಟಲ್ಲ ಸಾರ್, ಗಾಲಿ. ನಾನು ಹೇಳಿದ್ರೆ ಯಾರು ಕೇಳ್ತಾರೆ?" ಗೇಜ್ ಹಾಕಿ ನೋಡಿದರೆ ಗಾಳಿಯ ಒತ್ತಡ ಬೇರೆ 41 ಪಿಎಸ್‌ಐ ಇತ್ತು. ಬಾಗಿಲ ಪಕ್ಕದ ಸ್ಟಿಕ್ಕರ್ ಹೇಳುತ್ತಿದ್ದದ್ದು 33. ಮನೆಯಲ್ಲಿ ಬಿಚ್ಚಿಟ್ಟಿದ್ದ ಹಳೆ ವೀಲ್‌ಗಳನ್ನೇ ವಾಪಸ್ ಹಾಕಿಸಿ ಗಾಳಿ ಸರಿಮಾಡಿದೆವು. ಅಮ್ಮ ಈಗ ಬನಶಂಕರಿ ದೇವಸ್ಥಾನಕ್ಕೆ ಅದರಲ್ಲೇ ಹೋಗಿ ಬರುತ್ತಾರೆ. ಆ ಡ್ರೈವರಿಗೆ ಸಂಬಳ ಜಾಸ್ತಿ ಮಾಡಿ ಅಂತ ಹೇಳಿ ಬಂದೆ. ಮಾಡಿದರೋ ಇಲ್ಲವೋ.

ಸೀಟಿನ ಮಾತು ಬಂತಲ್ಲ. ಕೂತಿರುವ ಮನುಷ್ಯನ ಮೈಗೆ ಅತಿ ಹೆಚ್ಚು ತಟ್ಟುವುದು ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಗುವ ಅದುರು. ಒಳ್ಳೆಯ ಸೆಡಾನಿನ ಬಾಡಿ ತೇಲುವುದು ಸೆಕೆಂಡಿಗೆ ಒಂದು ಒಂದೂವರೆ ಸಲ, ಅದು ಹಿತ. ಆ 4ರಿಂದ 8ರ ಅದುರು ಎಷ್ಟು ಒಳಗೆ ಬರುತ್ತದೆ ಅನ್ನುವುದು ಕೈಯಿಂದ ಒತ್ತಿದರೆ ತಿಳಿಯುವ ವಿಷಯವಲ್ಲ. ಕೂತು, ಕೆಟ್ಟ ರಸ್ತೆಯಲ್ಲಿ ಹೋಗಲೇಬೇಕು.

ಆದರೆ ಟೆಸ್ಟ್ ಡ್ರೈವ್ ಎಲ್ಲಿ ಮಾಡಿಸುತ್ತಾರೆ? ವಿಠ್ಠಲ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ. ನಗರದ ರಸ್ತೆ ಸುಧಾರಣೆಯ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಮಾಡಿದ ರಸ್ತೆಗಳು, ಅಲ್ಲಿ ಎತ್ತಿನಗಾಡಿಯೂ ಸಲೀಸಾಗಿ ಹೋದೀತು. ನೀವು ವಾಸ ಇರುವುದು ವರ್ತೂರಿನಲ್ಲಿ ತಾನೇ? ಹಾಗಾದರೆ ಕಾರನ್ನು ಮನೆಗೇ ತರಿಸಿಕೊಳ್ಳಿ. ನಿಮ್ಮ ಬೀದಿಯ ಹಂಪ್ ಹತ್ತಿಸಿ. ರಸ್ತೆಗಳ ಮಾನದಂಡ ರೂಪಿಸುವ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪ್‌ಗಳಿಗೂ ಈ ನಿಯಮಕ್ಕೂ ಸಂಬಂಧ ಇದ್ದ ಹಾಗಿಲ್ಲ. ಉದ್ದ ವೀಲ್‌ಬೇಸಿನ ಕಾರುಗಳಿಗೆ ಇಲ್ಲಿ ಹೊಟ್ಟೆ ಉಜ್ಜುವ ಭಯ ಬೇರೆ. 2024ರಲ್ಲಿ ಬಂದ ಉದ್ದನೆಯ ಬೆಂಜ್ ಇ-ಕ್ಲಾಸ್‌ನ ಗಾಲಿಗಳ ನಡುವೆ ಮೂರು ಮೀಟರಿಗೂ ಜಾಸ್ತಿ ಅಂತರ ಇದೆ. ಹಾಗಾಗಿ ನಾಲ್ಕು ಜನ ಕೂತೇ ಹಂಪ್ ದಾಟಿಸಿ. ಒಬ್ಬರೇ ಇದ್ದಾಗ ಉಜ್ಜದ ಕಾರು, ಮನೆ ಮಂದಿ ತುಂಬಿದ ಮೇಲೆ ಉಜ್ಜಬಹುದು.

ಮತ್ತೆ, ದಯವಿಟ್ಟು ಹಿಂದೆ ಕೂರಿ. ಡ್ರೈವರ್ ಇಟ್ಟುಕೊಂಡಿರುವವರು ಸ್ಟೇರಿಂಗ್ ಹಿಡಿದು ಕಾರಿಗೆ ಅಂಕ ಕೊಡುವುದನ್ನು ನೋಡಿದರೆ ನಗು ಬರುತ್ತದೆ. ಹಿಂದಿನ ಸೀಟು ಹಿಂದಿನ ಗಾಲಿಗಳ ಹತ್ತಿರ ಇರುತ್ತದೆ. ಮುಂದೆ ಗೊತ್ತಾಗದ ಪೆಟ್ಟು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಪರ್ಫಾರ್ಮೆನ್ಸ್ ಬಗ್ಗೆ ಎರಡೇ ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ತೆಳು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಹೆಚ್ಚು ಕಡಿಮೆ ನೂರಕ್ಕೆ ಎಂಟು ಹತ್ತು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಆ ಕೊರತೆ ಬಹುಪಾಲು ತುಂಬುತ್ತದೆ. ವಿದ್ಯುತ್ ಮೋಟಾರಿಗೆ ಗಾಳಿಯ ಹಂಗೇ ಇಲ್ಲ. ಹಾಗಾಗಿ ಕ್ಯಾಮ್ರಿಯಂಥ ಹೈಬ್ರಿಡ್ ಸಿಗ್ನಲ್‌ನಿಂದ ಹೊರಡುವಾಗ ಚುರುಕಾಗಿಯೇ ಇರುತ್ತದೆ, ಮೈಸೂರು ಹೆದ್ದಾರಿಯಲ್ಲಿ ಪೂರ್ತಿ ಒತ್ತಿದಾಗ ಎಂಜಿನ್ ಸ್ವಲ್ಪ ಜೋರಾಗಿ ಕೂಗುತ್ತದೆ. ಅಲ್ಲಿ ಮಿತಿಯೇ 100. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ ನನ್ನನ್ನು ಕೇಳಬೇಡಿ.

ಹಾಗಂತ ಈ ಅಂಕಣ ಓದಿ ನಾಳೆಯೇ ಸಣ್ಣ ವೀಲ್ ಹಾಕಿಸಲು ಹೋಗಬೇಡಿ. ಬ್ರೇಕ್ ದೊಡ್ಡದಿದ್ದರೆ ಸಣ್ಣ ಚಕ್ರ ಅದಕ್ಕೆ ತಗುಲುತ್ತದೆ. ಟೈರಿನ ಭಾರದ ಮಿತಿ, ವೇಗದ ಮಿತಿ ಎರಡೂ ಹೊಂದಬೇಕು. ತಯಾರಕರು ಆ ಕಾರಿಗೆ ಒಪ್ಪಿರುವ ಅಳತೆಯಲ್ಲೇ ಸಣ್ಣದು ಇದ್ದರೆ ಸರಿ, ಇಲ್ಲದಿದ್ದರೆ ಇದ್ದದ್ದರಲ್ಲೇ ಇರಿ. ರನ್‌ಫ್ಲಾಟ್ ಟೈರ್ ಇರುವ ಕಾರಾದರೆ ಅದರ ಗೋಡೆ ಮೊದಲೇ ಗಟ್ಟಿ. ಪಂಕ್ಚರ್ ಆದರೂ 80 ಕಿಲೋಮೀಟರ್ ವೇಗದಲ್ಲಿ ಅಷ್ಟೇ ದೂರ ಹೋಗಬಹುದು ಅನ್ನುವ ಅನುಕೂಲಕ್ಕೆ ತೆರುವ ಬೆಲೆ ಅದು. ರಾತ್ರಿ ಓಡಾಡುವವರಿಗೆ ಆ ಬೆಲೆ ತಕ್ಕದ್ದೇ ಇರಬಹುದು. ಇನ್ನು ಗುಂಡಿಗೆ ಬಡಿದು ಟೈರಿನ ಪಕ್ಕ ಉಬ್ಬಿದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಟೈರ್ ಬದಲಿಸಲೇಬೇಕು. ವಾರಂಟಿಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ವಿಮೆಯಲ್ಲಿ ಟೈರಿಗೆ ಬೇರೆ ರಕ್ಷಣೆ ತೆಗೆದುಕೊಂಡಿದ್ದರೆ ಸಿಗಬಹುದು, ಪಾಲಿಸಿ ಓದಿ.

ಡೆಲಿವರಿ ದಿನ ಹೂವಿನ ಹಾರ, ಫೋಟೋ ಎಲ್ಲ ಆಗಲಿ. ಅದಕ್ಕೆ ಮೊದಲು ಒಂದು ಗೇಜ್ ತರಿಸಿ. ತಿಂಗಳುಗಟ್ಟಲೆ ನಿಂತ ಕಾರಿನ ಟೈರು ಚಪ್ಪಟೆಯಾಗದಿರಲಿ ಅಂತ ಯಾರ್ಡಿನಲ್ಲಿ ಜಾಸ್ತಿ ಗಾಳಿ ತುಂಬಿಟ್ಟಿರುತ್ತಾರೆ, ಕೊಡುವಾಗ ಇಳಿಸುವುದನ್ನು ಎಷ್ಟೋ ಸಲ ಮರೆಯುತ್ತಾರೆ. ಬಾಗಿಲ ಪಕ್ಕದ ಸ್ಟಿಕ್ಕರ್ ನೋಡಿ, ಇಬ್ಬರಿಗೆ ಎಷ್ಟು, ತುಂಬಿದ ಕಾರಿಗೆ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಟೈರಿನ ಮೇಲಿನ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕಿಯನ್ನೂ ಓದಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ತೀರಾ ಹಳೆಯದಾಗಿದ್ದರೆ ಸಹಿ ಹಾಕುವ ಮೊದಲೇ ಕೇಳಿ. ಹಾಕಿದ ಮೇಲೆ ಸೇಲ್ಸ್ ಹುಡುಗ ಫೋನ್ ಎತ್ತುವುದು ನಿಧಾನ ಆಗುತ್ತದೆ.