ಕಾರಿಗೆ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಮೂರು ಸಲ ಅಳೆಯಿರಿ

ನಾನು ಕಾರು ಎಲೆಕ್ಟ್ರಿಷಿಯನ್. ಬೆಳಿಗ್ಗೆ ಎಂಟರ ಹೊತ್ತಿಗೆ ನನಗೆ ಬರುವ ಫೋನುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ‘ಬ್ಯಾಟರಿ ಹೋಗಿದೆ, ಹೊಸದೊಂದು ತಗೊಂಡು ಬನ್ನಿ.’ ತಗೊಂಡು ಹೋಗಿ ಕೂರಿಸಿ ದುಡ್ಡು ಎಣಿಸಿಕೊಂಡು ಬರುವುದು ಹದಿನೈದು ನಿಮಿಷದ ಕೆಲಸ. ಆದರೆ ಬ್ಯಾಟರಿ ಇಳಿದಿದೆ ಅನ್ನುವುದು ಬೇರೆ, ಕೆಟ್ಟಿದೆ ಅನ್ನುವುದು ಬೇರೆ. ಇಳಿದದ್ದನ್ನು ಕೆಟ್ಟದ್ದು ಅಂದುಕೊಂಡು ಎಸೆದವರನ್ನು ಈ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ.

ನಿವೃತ್ತ ಮೇಷ್ಟ್ರೊಬ್ಬರ ಸಣ್ಣ ಕಾರು. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಗಿತ್ತು. ಎರಡನೆಯದನ್ನು ಕೂರಿಸಿದವನು ನಾನೇ, ಅದೂ ಅಳೆಯದೆ. ಮೂರನೇ ಸಲ ಕರೆದಾಗ ಅವರ ಮುಖ ನೋಡಲು ಕಷ್ಟವಾಯಿತು. ಅವತ್ತು ಫೋನಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಳ ಹಾಕಿದೆ. ತೆಗೆದು ನೋಡಿದರೆ ಡಿಕ್ಕಿ ಮುಚ್ಚಿದ ಮೇಲೂ ಒಳಗಿನ ಪುಟ್ಟ ದೀಪ ಉರಿಯುತ್ತಲೇ ಇತ್ತು. ಸ್ವಿಚ್ ಕೆಟ್ಟಿತ್ತು, ಅಷ್ಟೆ. 5 ವ್ಯಾಟಿನ ಬಲ್ಬು ಅಂದರೆ ಸುಮಾರು 0.4 ಆಂಪಿಯರ್, ಇಪ್ಪತ್ತನಾಲ್ಕು ಗಂಟೆಗೆ 10 ಆಂಪಿಯರ್-ಅವರ್. ಅವರ ಬ್ಯಾಟರಿಯ ಒಟ್ಟು ಸಾಮರ್ಥ್ಯ 35. ಮೂರು ದಿನ ಕಾರು ತೆಗೆಯದಿದ್ದರೆ ಖಾಲಿ. ಹೀಗೆ ಪೂರ್ತಿ ಖಾಲಿಯಾಗಿ ಮತ್ತೆ ಚಾರ್ಜ್ ಆಗುವುದು ನಾಲ್ಕಾರು ಸಲ ನಡೆದರೆ ಒಳಗಿನ ಸೀಸದ ಪ್ಲೇಟುಗಳು ನಿಜವಾಗಿಯೂ ಹಾಳಾಗುತ್ತವೆ. ಆ ದಿನದಿಂದ ಮೀಟರ್ ಹಿಡಿಯದೆ ಬ್ಯಾಟರಿ ಮಾರಿಲ್ಲ.

ನೀವೂ ವೋಲ್ಟೇಜ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಇಟ್ಟುಕೊಳ್ಳಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಡಿ.ಸಿ. ವೋಲ್ಟ್ 20ಕ್ಕೆ ತಿರುಗಿಸಿ; ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಶುರು ಮಾಡುವ ಮುಂಚೆ ಕೈಯಲ್ಲಿನ ಉಂಗುರ, ಕಡಗ ತೆಗೆದಿಡಿ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಆದ್ದರಿಂದ ಬೀಡಿ, ಸಿಗರೇಟು, ಬೆಂಕಿಕಡ್ಡಿ ದೂರ ಇರಲಿ. ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ಲಿನ ಹತ್ತಿರಕ್ಕೂ ಹೋಗಬೇಡಿ.

ಮೊದಲ ಅಳತೆ, ರಾತ್ರಿಯಿಡೀ ನಿಂತ ಕಾರಿನಲ್ಲಿ. ಓಡಿಸಿ ಬಂದ ತಕ್ಷಣ ಅಳೆದರೆ ಮೀಟರ್ ಸುಳ್ಳು ಧೈರ್ಯ ಕೊಡುತ್ತದೆ. 12.6 ಬಂದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಚಾರ್ಜರ್ ಹಾಕಿಸಿ, ಆಮೇಲೆ ತೀರ್ಪು ಕೊಡಿ. ಪೂರ್ತಿ ಚಾರ್ಜ್ ಮಾಡಿಸಿದ ಮೇಲೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ ಅಂತ ಲೆಕ್ಕ, ಒಂದೊಂದು ಸೆಲ್‌ಗೂ ಸುಮಾರು 2.1 ವೋಲ್ಟ್ ಇರುತ್ತದಲ್ಲ. ಅಂಥದ್ದಕ್ಕೆ ಮಾತ್ರ ಧೈರ್ಯವಾಗಿ ಹೊಸದು ತನ್ನಿ.

ಎರಡನೆಯದು, ಸೆಲ್ಫ್ ಹೊಡೆಯುವಾಗ. ಮನೆಯಲ್ಲಿ ಯಾರಿಗಾದರೂ ಕೀ ತಿರುಗಿಸಲು ಹೇಳಿ ನೀವು ಮೀಟರ್ ನೋಡುತ್ತಿರಿ. 9.6ಕ್ಕಿಂತ ಕೆಳಗೆ ಇಳಿಯಬಾರದು. 12.6 ಇದ್ದದ್ದು ಕೀ ತಿರುಗಿಸಿದ ಕೂಡಲೇ 8ಕ್ಕೆ ಬಿದ್ದರೆ ಬ್ಯಾಟರಿಯಲ್ಲಿ ವೋಲ್ಟೇಜ್ ಇದೆ, ಶಕ್ತಿ ಇಲ್ಲ. ಕಿವಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಟಕಟಕಟಕ ಅಂತ ಬೇಗಬೇಗ ಸದ್ದು ಬಂದರೆ ಕರೆಂಟ್ ಸಾಲುತ್ತಿಲ್ಲ. ‘ಟಕ್’ ಅಂತ ಒಂದೇ ಸಲ ಬಂದು ನಿಂತರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್ ಅಥವಾ ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್ ಮೇಲೆ ಅನುಮಾನ.

ಬ್ಯಾಟರಿಯನ್ನು ದೂರುವ ಮುಂಚೆ ಟರ್ಮಿನಲ್ ನೋಡಿ. ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಎಲ್ಲರಿಗೂ ಕಾಣುತ್ತದೆ. ಕಾಣದಿರುವುದೇ ಹೆಚ್ಚು ಕಾಡಿಸುವುದು: ಮೇಲೆ ಶುಭ್ರವಾಗಿದ್ದು, ಕ್ಲಾಂಪಿನ ಒಳಮೈಗೆ ಕಪ್ಪು ಪದರ ಕೂತಿರುತ್ತದೆ. ಅದಕ್ಕೊಂದು ಉಪಾಯ. ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟದ ನೆತ್ತಿಗೆ ಒತ್ತಿ, ಇನ್ನೊಂದನ್ನು ಅದೇ ಗೂಟವನ್ನು ಹಿಡಿದ ಕ್ಲಾಂಪಿಗೆ ಒತ್ತಿ, ಸೆಲ್ಫ್ ಹೊಡೆಸಿ. ಎರಡರ ನಡುವೆ ಒಂದು ಕೂದಲೆಳೆಯಷ್ಟೂ ಅಂತರ ಇಲ್ಲ, ಆದ್ದರಿಂದ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ನಿಮ್ಮ ಕರೆಂಟ್ ಅಲ್ಲೇ ಸಿಕ್ಕಿಹಾಕಿಕೊಂಡಿದೆ. ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒರೆಸಿ, ಮರಳುಕಾಗದದಲ್ಲಿ ಲೋಹ ಹೊಳೆಯುವ ತನಕ ಉಜ್ಜಿ. ಕೂರಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ತುಸು ವ್ಯಾಸಲೀನ್ ಸವರಿ.

ಮೂರನೆಯದು, ಎಂಜಿನ್ ಓಡುತ್ತಿರುವಾಗ. ಹೆಡ್‌ಲೈಟ್ ಹಾಕಿ, ಎ.ಸಿ. ಹಾಕಿ, ಬ್ಯಾಟರಿಯ ಮೇಲೆ ಅಳೆಯಿರಿ. 13.8ರಿಂದ 14.5ರ ನಡುವೆ ಇದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ, ಹಲವರು ಡೈನಮೊ ಅನ್ನುವ ಯಂತ್ರ, ತನ್ನ ಕೆಲಸ ಮಾಡುತ್ತಿದೆ. 12.4 ಇದ್ದದ್ದು ನಿಧಾನಕ್ಕೆ ಇಳಿಯುತ್ತಾ ಹೋದರೆ ಅದು ಚಾರ್ಜ್ ಕೊಡುತ್ತಿಲ್ಲ. ಬೆಲ್ಟ್ ಸಡಿಲವೋ, ಬ್ರಷ್ ಸವೆದಿದೆಯೋ, ಫ್ಯೂಸ್ ಹೋಗಿದೆಯೋ ನೋಡಿಸಬೇಕು. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಲಕ್ಷಣ, ಬ್ಯಾಟರಿ ಒಳಗೇ ಕುದಿಯುತ್ತದೆ. ಹೊಸ ಕಾರುಗಳಲ್ಲಿ ಕೆಲವಕ್ಕೆ ಈ ವೋಲ್ಟೇಜನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಹಾಗಾಗಿ ಹೆಡ್‌ಲೈಟ್, ಎ.ಸಿ. ಹಾಕದೆ ಅಳೆದು ಗಾಬರಿಯಾಗಬೇಡಿ.

ಇಲ್ಲೊಂದು ಮಾತು ಕೈಮುಗಿದು ಹೇಳುತ್ತೇನೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು, ‘ಗಾಡಿ ನಿಲ್ಲದಿದ್ದರೆ ಡೈನಮೊ ಸರಿ’ ಅಂತ ನೋಡುವ ಹಳೆಯ ಚಾಳಿ ಈಗಲೂ ಇದೆ. ಗಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲಕ್ಕೆ ಅದು ನಡೆಯಿತು. ಇಂದಿನ ಕಾರಿನಲ್ಲಿ ಬ್ಯಾಟರಿ ಕಳಚಿದ ಕ್ಷಣ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಇ.ಸಿ.ಯು., ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸುಟ್ಟುಹೋಗಬಹುದು. ಅದರ ಬೆಲೆಗೆ ಹಲವು ಬ್ಯಾಟರಿ ಬರುತ್ತವೆ. ಯಾರೇ ಮಾಡಲು ಬಂದರೂ ತಡೆಯಿರಿ.

ಮೂರೂ ಅಳತೆ ಸರಿಯಿದ್ದು, ಎರಡು ದಿನ ನಿಂತರೆ ಮತ್ತೆ ಇಳಿಯುತ್ತದೆ ಅಂದರೆ ಮೇಷ್ಟ್ರ ಕಾರಿನ ಕಥೆಯೇ. ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿ.ಪಿ.ಎಸ್. ಟ್ರ್ಯಾಕರ್, ಆಂಪ್ಲಿಫೈಯರ್ ಇವನ್ನು ಮೊದಲು ಅನುಮಾನಿಸಿ. ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟರೆ ಒಳಗಿನ ಕಂಪ್ಯೂಟರುಗಳೆಲ್ಲ ಮಲಗುತ್ತವೆ. ಆಗ ಬ್ಯಾಟರಿಯಿಂದ ಹರಿಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಅದಕ್ಕಿಂತ ಹೆಚ್ಚು ಎಳೆಯುವ ಕಳ್ಳನನ್ನು ಹಿಡಿಯಲು ಫ್ಯೂಸ್ ಕೀಳಬೇಕಾಗಿಲ್ಲ. ಪ್ರತಿ ಫ್ಯೂಸಿನ ಬೆನ್ನಿನ ಮೇಲೆ ಎರಡು ಪುಟ್ಟ ಲೋಹದ ಚುಕ್ಕಿಗಳಿರುತ್ತವೆ. ಮೀಟರನ್ನು ಮಿಲಿವೋಲ್ಟಿಗಿಟ್ಟು ಆ ಎರಡಕ್ಕೂ ಕಡ್ಡಿ ತಾಗಿಸಿ. ಸೊನ್ನೆ ಬಂದರೆ ಆ ದಾರಿ ಸುಮ್ಮನಿದೆ. ಒಂದೆರಡು ಮಿಲಿವೋಲ್ಟ್ ಬಂದರೆ ಅಲ್ಲಿ ಏನೋ ಎಚ್ಚರವಾಗಿದೆ.

ಫ್ಯೂಸ್ ಹೋಗಿದೆಯೋ ಎಂದು ನೋಡುವುದಕ್ಕೂ ಇದೇ ಚುಕ್ಕಿಗಳು. ಮೀಟರನ್ನು ಮತ್ತೆ ಡಿ.ಸಿ. ವೋಲ್ಟ್ 20ಕ್ಕೆ ತಿರುಗಿಸಿ, ಆ ಸರ್ಕ್ಯೂಟ್ ಆನ್ ಮಾಡಿ, ಕಪ್ಪು ಕಡ್ಡಿಯನ್ನು ಕಾರಿನ ಲೋಹದ ಮೈಗೆ, ಕೆಂಪು ಕಡ್ಡಿಯನ್ನು ಒಂದೊಂದು ಚುಕ್ಕಿಗೂ ತಾಗಿಸಿ: ಎರಡು ಚುಕ್ಕಿಯಲ್ಲೂ 12 ಬಂದರೆ ಸರಿ, ಒಂದರಲ್ಲಿ ಮಾತ್ರ ಬಂದರೆ ಹೋಗಿದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹೋದದ್ದು ಯಾವ ಬಣ್ಣವೋ ಅದನ್ನೇ ಹಾಕಿ. ಮತ್ತೆ ಹಾರಿದರೆ ಎಲ್ಲೋ ವೈರ್ ಶಾರ್ಟ್ ಆಗಿದೆ. ಅದಕ್ಕೆ ದೊಡ್ಡ ಫ್ಯೂಸೋ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೋ ತುರುಕಿದರೆ ಮುಂದೆ ಉರಿಯುವುದು ವೈರಿಂಗ್. ಅಂಥ ಕಾರನ್ನು ಹಾಗೇ ಬಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ‘ಬ್ಯಾಟರಿ ಹೋಗಿದೆ’ ಅನ್ನಬೇಡಿ. ‘ನಿಂತಾಗ ಇಷ್ಟು, ಸೆಲ್ಫ್ ಹೊಡೆದಾಗ ಇಷ್ಟು, ಓಡುವಾಗ ಇಷ್ಟು, ಈ ನಂಬರಿನ ಫ್ಯೂಸ್ ಎರಡು ಸಲ ಹಾರಿತು’ ಅನ್ನಿ. ಬರುವವನು ಬ್ಯಾಟರಿಯ ಬದಲು ಸರಿಯಾದ ಸಾಮಾನು ಹಿಡಿದುಕೊಂಡು ಬರುತ್ತಾನೆ.