ಮ್ಯಾಡ್ರಿಡ್‌ನ ನೀಲಿ ಕೋರ್ಟು ಒಂದೇ ವರ್ಷಕ್ಕೆ ಯಾಕೆ ಮುಗೀತು

ಟೆನಿಸ್‌ನ ಕ್ಲೇ ಕೋರ್ಟ್ ಅಂದ್ರೆ ಬರೀ ಮಣ್ಣು ಅಂತ ತುಂಬಾ ದಿನ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಮೇಲಿರೋದು ಇಟ್ಟಿಗೆ ಪುಡಿ, ಅದೂ ತೆಳ್ಳಗೆ ಉದುರಿಸಿರ್ತಾರೆ ಅಷ್ಟೇ. ಕೆಂಪು ಬಣ್ಣ ಬರೋದು ಇಟ್ಟಿಗೆಯಲ್ಲಿರೋ ಕಬ್ಬಿಣದ ಆಕ್ಸೈಡಿಂದ. ಈ ಬಣ್ಣ ಬದಲಾಯಿಸೋಕೆ ಹೋಗಿ ಕೈ ಸುಟ್ಕೊಂಡಿದ್ದು ಮ್ಯಾಡ್ರಿಡ್ ಓಪನ್.

2002ರಲ್ಲಿ ಶುರುವಾದಾಗ ಇದು ಕ್ಲೇ ಟೂರ್ನಿನೇ ಅಲ್ಲ, ಅಕ್ಟೋಬರಲ್ಲಿ ಛಾವಣಿ ಕೆಳಗೆ ಹಾರ್ಡ್ ಕೋರ್ಟಲ್ಲಿ ನಡೀತಿತ್ತು. 2009ರಲ್ಲಿ ಹ್ಯಾಂಬರ್ಗ್ ಟೂರ್ನಿಯ ಜಾಗಕ್ಕೆ ಬಂದು ಮೇ ತಿಂಗಳ ಕ್ಲೇ ಟೂರ್ನಿ ಆಯ್ತು. ಆದ್ರೆ ಮ್ಯಾಡ್ರಿಡ್ ಇರೋದು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲೆ, ಅಲ್ಲಿ ಗಾಳಿಯ ಸಾಂದ್ರತೆ ಶೇ. 6ರಷ್ಟು ಕಮ್ಮಿ, ಚೆಂಡನ್ನ ಹಿಡಿದೆಳೆಯೋ ಗಾಳಿನೇ ತೆಳುವಾದ್ರೆ ಚೆಂಡು ಬೇಗ ಬರುತ್ತೆ, ಅಂದ್ರೆ ಇಟ್ಟಿಗೆ ಪುಡಿ ಉಜ್ಜಿ ಕಮ್ಮಿ ಮಾಡಿದ ವೇಗದಲ್ಲಿ ಒಂದಷ್ಟನ್ನ ಗಾಳಿ ವಾಪಸ್ ಕೊಡುತ್ತೆ. (ನಮ್ಮ ಬೆಂಗಳೂರು 900 ಮೀಟರ್, ಇನ್ನೂ ಜೋರು.) ಕ್ಲೇಗೆ ಬಂದ ಆ ಮೊದಲ ವರ್ಷನೇ ಫೈನಲಲ್ಲಿ ಫೆಡರರ್, ಕ್ಲೇ ಮೇಲೆ ಸೋಲೋದೇ ಅಪರೂಪವಾಗಿದ್ದ ನಡಾಲ್‌ನ ಸೋಲಿಸಿದ್ದ.

2012ರಲ್ಲಿ ಟೂರ್ನಿ ಮಾಲೀಕ ಇಯಾನ್ ಟಿರಿಯಾಕ್ ಕೋರ್ಟನ್ನೇ ನೀಲಿ ಮಾಡಿಸಿದ್ರು. ಟಿವಿಯಲ್ಲಿ ಹಳದಿ ಚೆಂಡು ಎದ್ದು ಕಾಣ್ಲಿ ಅಂತ, ಆ ಲೆಕ್ಕ ತಪ್ಪೇನಲ್ಲ, ನಿಜವಾಗ್ಲೂ ಚೆನ್ನಾಗಿ ಕಾಣ್ತಿತ್ತು. ಇಟ್ಟಿಗೆ ಪುಡಿಯಿಂದ ಕಬ್ಬಿಣದ ಅಂಶ ತೆಗೆದು ಬಣ್ಣ ಹಾಕಿದ್ರು. ತೊಂದ್ರೆ ಆಗಿದ್ದು ಕಾಲ ಕೆಳಗೆ. ಕ್ಲೇ ಆಟಗಾರರು ಜಾರ್ಕೊಂಡೇ ಚೆಂಡಿಗೆ ಹೋಗೋದು, ಆದ್ರೆ ಕೊನೇಲಿ ಶೂ ಕಚ್ಕೊಂಡು ನಿಲ್ಲಬೇಕು, ಇಲ್ಲಾಂದ್ರೆ ವಾಪಸ್ ತಿರುಗೋಕಾಗಲ್ಲ. ಮೇಲಿನ ಪುಡಿ ಕೆಳಗಿನ ಪದರಕ್ಕೆ ಕೂತ್ಕೊಳ್ದೇ ಸಡಿಲ ಇದ್ರೆ ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ, ಪ್ರತಿ ಕಾಳೂ ಗಾಲಿ!

ನಡಾಲ್ ಅಲ್ಲೀತನಕ ತನ್ನನ್ನ ಒಂದ್ಸಲನೂ ಸೋಲಿಸಿರದ ವೆರ್ಡಾಸ್ಕೊಗೆ ಸೋತ, ಜೊಕೊವಿಚ್ ಟಿಪ್ಸರೆವಿಚ್‌ಗೆ ಸೋತ, ಇಬ್ರೂ ನೀಲಿ ಇದ್ರೆ ಮುಂದಿನ ವರ್ಷ ಬರಲ್ಲ ಅಂದ್ರು. ಗೆದ್ದಿದ್ದು ಫೆಡರರ್, ಅವನು ಜಾಸ್ತಿ ದೂರುತ್ತಾ ಕೂರಲಿಲ್ಲ, ಅದೂ ಒಂಥರಾ ಟೆಕ್ನಿಕ್ಕೇ ಬಿಡಿ. ಮುಂದಿನ ವರ್ಷಕ್ಕೆ ನೀಲಿ ಬೇಡ ಅಂತ ಗಂಡಸರ ಟೆನಿಸ್ ಟೂರ್ ನಡೆಸೋ ಎಟಿಪಿ ಹೇಳಿಬಿಡ್ತು. ನನ್ನ ಪ್ರಕಾರ ಜಾರಿದ್ದು ನೆಲ, ಶಿಕ್ಷೆ ಆಗಿದ್ದು ಬಣ್ಣಕ್ಕೆ.

2013ಕ್ಕೆ ಮತ್ತೆ ಕೆಂಪು, ನಡಾಲ್ ಬಂದು ಗೆದ್ಕೊಂಡು ಹೋದ. 2015ರಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ, ರೊಮೇನಿಯಾದ ಮೆರ್ಜಿಯಾ ಜೊತೆ ಡಬಲ್ಸ್ ಕಪ್ ಎತ್ತಿದ್ದೂ ಇದೇ ಕೆಂಪು ಪುಡಿ ಮೇಲೆ.