ಶಾಲೆಯಲ್ಲಿ ಗನ್ ಇದ್ದರೆ ಗನ್ ಹಿಡಿದವನು ಬರುವುದಿಲ್ಲವೇ?

ಪ್ರಶ್ನೆ: ನಾವು ಅಮೆರಿಕದ ಡಲ್ಲಾಸ್ ಹತ್ತಿರ ಇದ್ದೇವೆ. ಮಗಳ ಶಾಲೆಯಲ್ಲಿ ಗನ್ ಇರುವ ಅಧಿಕಾರಿ ಒಬ್ಬರಿದ್ದಾರೆ. ಗನ್ ಇದೆ ಅಂತ ಗೊತ್ತಾದರೆ ದಾಳಿ ಮಾಡುವವನು ಹೆದರಿ ಬರೋದೇ ಇಲ್ಲ. ಟೀಚರ್‌ಗಳಿಗೂ ಗನ್ ಕೊಟ್ಟರೆ ಇನ್ನೂ ಕ್ಷೇಮ ಅಲ್ಲವೇ?

ಉತ್ತರ: ಎಲ್ಲಾದರೂ ಗುಂಡು ಹಾರಿದ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ತರಬೇತಾದ ಅಧಿಕಾರಿ ಇದ್ದರೆ ಒಳ್ಳೆಯದೇ. 2024ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ಶಾಲೆಯ ಅಧಿಕಾರಿಗಳು ಎದುರಾದಾಗ ಹುಡುಗ ಶರಣಾದ. ಅಷ್ಟರಲ್ಲಿ ನಾಲ್ವರು ಸತ್ತಿದ್ದರು.

ಆದರೆ 'ಗನ್ ಇದೆ ಅಂತ ಗೊತ್ತಾದರೆ ಹೆದರಿ ಬರೋದೇ ಇಲ್ಲ' ಎನ್ನುತ್ತೀರಲ್ಲ, ಅದನ್ನು ದಯವಿಟ್ಟು ಬಿಡಿ. 1999ರಲ್ಲಿ ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಶಸ್ತ್ರಧಾರಿ ಡೆಪ್ಯುಟಿ (ಪೊಲೀಸ್ ಅಧಿಕಾರಿ) ಇದ್ದರು, ಗುಂಡೂ ಹಾರಿಸಿದರು; ಆದರೂ ದಾಳಿ ನಿಲ್ಲಲಿಲ್ಲ. 2018ರಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಇದ್ದ ಡೆಪ್ಯುಟಿ ಕಟ್ಟಡದ ಹೊರಗೇ ನಿಂತರು, 17 ಜನ ಸತ್ತರು. ಅದೇ ವರ್ಷ ಟೆಕ್ಸಾಸ್‌ನ ಸಾಂಟಾ ಫೆಯಲ್ಲಿ ಶಾಲೆಯ ಪೊಲೀಸರಲ್ಲೊಬ್ಬರೇ ಗುಂಡು ತಿಂದರು, 10 ಜನ ಸತ್ತರು. ಬರುವವನು ಹೆಚ್ಚಾಗಿ ಅದೇ ಶಾಲೆಯ ಹುಡುಗ, ಇಲ್ಲವೇ ಹಳೆಯ ವಿದ್ಯಾರ್ಥಿ. ಗಾರ್ಡ್ ಎಲ್ಲಿ ನಿಲ್ಲುತ್ತಾನೆ ಎನ್ನುವುದು ಅವನಿಗೆ ಗೊತ್ತು. ಎಷ್ಟೋ ಜನ ಸಾಯಲೆಂದೇ ಬಂದಿರುತ್ತಾರೆ. ಅಂಥವನನ್ನು ಸಾವು ತೋರಿಸಿ ಹೆದರಿಸುವುದು ಹೇಗೆ? 1980ರಿಂದ 2019ರವರೆಗಿನ 133 ಶಾಲಾ ಗುಂಡಿನ ದಾಳಿ ಪ್ರಕರಣಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಶಸ್ತ್ರಧಾರಿ ಗಾರ್ಡ್ ಇದ್ದ ಕಡೆ ಸಾವಿನ ಪ್ರಮಾಣ ಗಾರ್ಡ್ ಇಲ್ಲದ ಕಡೆಯ 2.83 ಪಟ್ಟು ಇತ್ತು. ಗಾರ್ಡ್‌ನಿಂದಲೇ ಸಾವು ಹೆಚ್ಚಿತು ಎಂದು ಇದರರ್ಥವಲ್ಲ. ಗಾರ್ಡ್‌ಗೆ ಹೆದರಿ ಬಾರದೇ ಉಳಿದವರ ಲೆಕ್ಕವೂ ಇದರಲ್ಲಿಲ್ಲ. ಆದರೆ ಗಾರ್ಡ್ ಇದ್ದರೆ ಸಾವು ತಗ್ಗುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ.

ಇನ್ನು ಟೀಚರ್. 1998ರಿಂದ 2006ರವರೆಗೆ ನ್ಯೂಯಾರ್ಕ್ ಪೊಲೀಸರು ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಹೊಡೆದ ನೂರು ಗುಂಡಿನಲ್ಲಿ ಗುರಿ ಮುಟ್ಟಿದ್ದು ಸುಮಾರು 18. ಅವರ ಕೆಲಸವೇ ಅದು! ಫ್ಲೋರಿಡಾ ರಾಜ್ಯ ಗನ್ ಹಿಡಿಯುವ ಶಾಲಾ ಸಿಬ್ಬಂದಿಗೆ 144 ಗಂಟೆ ತರಬೇತಿ ಕೇಳಿತು. ಓಹಾಯೋ 2022ರಲ್ಲಿ 24 ಗಂಟೆ ಸಾಕು ಎಂದಿತು. ಗನ್ ಇಡುವುದೆಲ್ಲಿ? ಸೊಂಟದಲ್ಲಿದ್ದರೆ ಮಕ್ಕಳ ಕೈಗೆ ಸಿಗುವ ಭಯ, ಬೀಗದೊಳಗಿದ್ದರೆ ಹೊತ್ತಿಗೆ ಒದಗುವುದಿಲ್ಲ. ಒಳನುಗ್ಗಿದ ಪೊಲೀಸರಿಗೆ ಗನ್ ಹಿಡಿದವರಲ್ಲಿ ಟೀಚರ್ ಯಾರು ಎಂದು ತಿಳಿಯುವುದೂ ಕಷ್ಟ. 2018ರಲ್ಲಿ ಕ್ಯಾಲಿಫೋರ್ನಿಯಾದ ತರಗತಿಯೊಂದರಲ್ಲಿ, ಸುರಕ್ಷತೆಯ ಪಾಠ ಮಾಡುತ್ತಿದ್ದ ಟೀಚರ್ ಕೈಯಲ್ಲೇ ಗುಂಡು ಹಾರಿ ವಿದ್ಯಾರ್ಥಿಗೆ ಗಾಯವಾಯಿತು.

ಯಾರೂ ಕೇಳದ ಪ್ರಶ್ನೆ ಬಾಗಿಲಿನದು. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿಯಲ್ಲಿ ದಾಳಿ ನಡೆದ ಶಾಲೆಗೆ 376 ಅಧಿಕಾರಿಗಳು ಬಂದರೂ ದಾಳಿಕೋರನಿದ್ದ ಕೊಠಡಿಯ ಒಳಹೋಗಲು 77 ನಿಮಿಷ ಹಿಡಿಯಿತು; ಅಲ್ಲಿನ 111ನೇ ಕೊಠಡಿಯ ಬೀಗ ಸರಿಯಾಗಿ ಬೀಳುವುದಿಲ್ಲ ಎಂದು ಅಲ್ಲಿನವರಿಗೆ ಮೊದಲೇ ಗೊತ್ತಿತ್ತು. 2012ರಲ್ಲಿ ದಾಳಿ ನಡೆದ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ತರಗತಿಗೆ ಬೀಗ ಹಾಕಲು ಟೀಚರ್ ಕೀಲಿ ಹಿಡಿದು ಕಾರಿಡಾರ್‌ಗೆ ಬರಬೇಕಿತ್ತು. ಮುಂದಿನ ಪಿಟಿಎ ಸಭೆಯಲ್ಲಿ ಇದನ್ನು ಕೇಳಿ: ಪ್ರತಿ ತರಗತಿಗೂ ಒಳಗಿನಿಂದ ಬೀಗ ಬೀಳುತ್ತದೆಯೇ? ರಿಪೇರಿಗೆ ದೂರು ಕೊಟ್ಟರೆ ಎಷ್ಟು ದಿನ ಹಿಡಿಯುತ್ತದೆ?

ಇನ್ನೊಂದು ಮಾತು. ಅಮೆರಿಕದ ಅಧ್ಯಕ್ಷರ ಭದ್ರತೆ ನೋಡುವ ಸೀಕ್ರೆಟ್ ಸರ್ವಿಸ್ 2002ರ ವರದಿಗಾಗಿ ಪರಿಶೀಲಿಸಿದ 37 ಶಾಲಾ ದಾಳಿಗಳಲ್ಲಿ ಗನ್ ಬಂದದ್ದು ಬಹುಪಾಲು ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ಮಗಳನ್ನು ಗೆಳತಿಯ ಮನೆಗೆ ಆಡಲು ಕಳಿಸುವಾಗ ಕಡಲೆಕಾಯಿ ಅಲರ್ಜಿ ಬಗ್ಗೆ ಹೇಳುತ್ತೀರಲ್ಲ, ಜೊತೆಗೇ 'ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿದ್ದೀರಾ? ಗುಂಡು ಬೇರೆ ಕಡೆ ಇದೆಯಾ?' ಎಂದೂ ಕೇಳಿ. ಸಂಕೋಚ ಬೇಡ, ಅಮೆರಿಕದಲ್ಲಿ ಮಕ್ಕಳ ಡಾಕ್ಟರುಗಳೂ ಇದನ್ನೇ ಕೇಳುತ್ತಾರೆ.